ಬೇಡ ಅನ್ನೋ ವೈರು

"ನಂಬಕ್ಕೇ ಆಗಲ್ಲ ಬುದ್ಧೀ! ಈಗ, ಈಗ್ತಾನೆ, ಕಣ್ಣಾರೆ ನೋಡ್ದೆ! ಗಾಡಿ ಒಳಗೆ ನರಪಿಳ್ಳೆ ಇಲ್ಲ, ಕೀ ನಿಮ್ ಸೊಂಟದಲ್ಲೇ ಐತೆ, ಜೀಪು ಮಾತ್ರ ಗುರ್ ಅಂತ ಸ್ಟಾರ್ಟ್ ಆಯ್ತು!"

ಸಿದ್ದಮಲ್ಲು ಹಿಂಗೆ ಕೂಗ್ಕೊಂಡು ಓಡಿ ಬಂದಾಗ ಹೊಳೆದಂಡೆ ಮಠದ ಸ್ವಾಮಿಗಳು ಜಗಲಿ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕೋತಿದ್ರು. ಆ ಸೀಮೇಲಿ ಸ್ವಾಮಿಗಳನ್ನ ಎಲ್ಲಾರೂ ಬುದ್ಧಿ ಅಂತಾನೇ ಕರೆಯೋದು.

"ತಾನಾಗಿ ಸ್ಟಾರ್ಟ್ ಆಯ್ತಾ?" ಅಂದ್ರು ಬುದ್ಧಿ.

"ತಾನಾಗಲ್ಲ, ನಾನೇ! ಬಚ್ಚಲ ಹತ್ರ ನಿಂತ್ಕೊಂಡು! ಇಗೋ, ಈ ರಿಮೋಟು ಒತ್ತಿ!"

ಮಲ್ಲು ಮಠ ಸೇರೋಕ್ ಮುಂಚೆ ಪಟ್ಟಣದಲ್ಲಿ ಗಾಡಿ ವೈರಿಂಗ್ ಮಾಡ್ತಿದ್ದ. ಕೈ ಬಲೇ ಚುರುಕು. ಬಾಯಿ ಅದಕ್ಕಿಂತ ಚುರುಕು. ನೀವು ಅರ್ಧ ಪ್ರಶ್ನೆ ಕೇಳೋ ಹೊತ್ಗೆ ಅವನದು ಉತ್ತರ ಮುಗ್ದು, ಅದಕ್ಕೊಂದು ಬಾಲಾನೂ ಬಂದಿರೋದು.

ಅವನಿಗೆ ಈ ಭೂಮಿ ಮೇಲೆ ಬೇಕಾಗಿದ್ದು ಒಂದೇ. ಆ ಜೀಪಿನ ಕೀ.

ಯಾಕಂದ್ರೆ ಹೊಳೆ ಈಚೆ ದಂಡೇಲಿ ಇದ್ದ ಗಾಡಿ ಅದೊಂದೇ. ಹೆರಿಗೆ ನೋವು ಅಂದ್ರೂ, ಹಾವು ಕಚ್ತು ಅಂದ್ರೂ, ಬುದ್ಧಿಯೋರೇ ಕಾವಿ ಎತ್ತಿ ಕಟ್ಕೊಂಡು ಹತ್ತಿ ಓಡಿಸ್ಕೊಂಡು ಹೋಗೋರು. ಜನ ದಾರಿ ಬದೀಲಿ ನಿಂತು ಕೈ ಮುಗಿಯೋರು. ಮಲ್ಲು ಪಕ್ಕದ ಸೀಟಲ್ಲಿ ಕೂತು ನೋಡೋನು.

"ಒಂದೇ ಒಂದ್ಸಲ ನಾನು ಓಡಿಸ್ತೀನಿ ಬುದ್ಧಿ."

"ಮೊದ್ಲು ಗೇರು ಅಲ್ಲಾಡ್ಸೋದು ಕಲಿ."

ಅದೊಂದು ಅವರ ಅಭ್ಯಾಸ. ಕೀ ತಿರುಗಿಸೋಕ್ ಮುಂಚೆ ಗೇರ್ ಕಡ್ಡಿ ಹಿಡ್ಕೊಂಡು ಆ ಕಡೆ ಈ ಕಡೆ ಮೆತ್ತಗೆ ಅಲ್ಲಾಡ್ಸೋರು. ಗಾಡಿ ಗೇರಲ್ಲಿದೆಯೋ ಇಲ್ವೋ ಅಂತ ನೋಡೋಕೆ ಓಡ್ಸೋರೆಲ್ಲಾ ಮಾಡೋದೇ. ಆದ್ರೆ ಬುದ್ಧಿಯೋರು ಮಾಡ್ತಿದ್ದದ್ದು ನಿಧಾನಕ್ಕೆ, ಕಣ್ಣು ಮುಚ್ಕೊಂಡು, ಯಾರನ್ನೋ ಮಾತಾಡಿಸ್ದಂಗೆ.

"ಯಾರನ್ನ ಮಾತಾಡಿಸ್ತೀರ ಬುದ್ಧಿ?" ಅಂತ ಒಂದ್ಸಲ ಮಲ್ಲು ನಕ್ಕಿದ್ದ.

"ಗಾಡೀನ. 'ಆಗ್ಲೇ ಹೊರಟ್ಬಿಟ್ಟಿದ್ದೀಯೇನಪ್ಪಾ?' ಅಂತ ಕೇಳ್ತೀನಿ."

"ಹೊರಟಿದ್ರೆ?"

"ಹೊರಟು ನಿಂತಿರೋರನ್ನ ಸ್ಟಾರ್ಟ್ ಮಾಡಬಾರ್ದು."

ಮಲ್ಲುಗೆ ಆಗ ಅರ್ಥ ಆಗಿರ್ಲಿಲ್ಲ. ಅರ್ಥ ಆಗೋ ಅಷ್ಟು ಹೊತ್ತು ಅವನು ಸುಮ್ನಿರ್ತಿದ್ದದ್ದೂ ಇಲ್ಲ.

ಇರ್ಲಿ, ರಿಮೋಟಿಗೆ ಬರೋಣ. ಚಳಿಗಾಲ. ಬೆಳಿಗ್ಗೆ ಎದ್ರೆ ಜೀಪು ಕೆಮ್ಮಿ ಕೆಮ್ಮಿ ನಿಲ್ಲೋದು. ಬುದ್ಧಿಯೋರು ಆ ಮಂಡಿ ನೋವಲ್ಲಿ ಥಣ್ಣನೆ ಗಾಡೀಲಿ ಕೂತು ಒದ್ದಾಡೋರು. ಅದಕ್ಕೇ ಮಲ್ಲು ಪಟ್ಟಣದ ಗೆಳೆಯನ ಹತ್ರ ಒಂದು ಪೆಟ್ಟಿಗೆ ಇಸ್ಕೊಂಡು ಬಂದಿದ್ದ. ಇಲ್ಲಿಂದ ಒತ್ತಿದ್ರೆ ಅಲ್ಲಿ ಸ್ಟಾರ್ಟ್. ಬುದ್ಧಿ ಬರೋ ಹೊತ್ಗೆ ಇಂಜಿನ್ ಬೆಚ್ಚಗೆ ಕಾದಿರ್ಬೇಕು. ಅವನ ಮನಸ್ಸಲ್ಲಿ ಇದ್ದದ್ದು ಪ್ರೀತೀನೇ, ಅದರಲ್ಲಿ ಮೋಸ ಇಲ್ಲ. ಜೊತೆಗೆ ಇನ್ನೊಂದು ಆಸೇನೂ ಇತ್ತು. ಇದನ್ನ ನೋಡಿ ಬುದ್ಧಿ ಖುಷಿ ಆಗಿ ಕೀ ಬಿಚ್ಚಿ ಕೊಟ್ರೆ?

ಬುದ್ಧಿ ಎದ್ದು ಬಂದ್ರು. ಸ್ಟೇರಿಂಗ್ ಕೆಳಗೆ ಬಗ್ಗಿ ನೋಡಿದ್ರು.

"ಕೆಲ್ಸ ನೀಟಾಗಿದೆ ಕಣೋ."

"ಇದು ಬ್ಯಾಟರಿಯಿಂದ ಬರೋದು ಬುದ್ಧಿ, ಇದು ಇಗ್ನಿಷನ್ನಿಗೆ, ದಪ್ಪದ್ದು ಸ್ಟಾರ್ಟರ್ ಮೋಟರಿಗೆ, ಜಾಯಿಂಟಿಗೆಲ್ಲಾ ಬೆಸುಗೆ ಹಾಕಿ ಟೇಪ್ ಸುತ್ತಿದ್ದೀನಿ, ಎಳೆದ್ರೂ ಬರಲ್ಲ, ಬೇಕಾರೆ ಎಳೀರಿ—"

"ಈ ಹಳದೀದು?"

"ಅದೇನಿಲ್ಲ ಬಿಡಿ ಬುದ್ಧಿ."

"ಏನಿಲ್ದೆ ಇರೋದಕ್ಕೆ ವೈರ್ ಯಾಕಪ್ಪಾ?"

ಮಲ್ಲು ತಲೆ ಕೆರ್ಕೊಂಡ. "ಅದು 'ಬೇಡ' ಅನ್ನೋ ವೈರು. ಗಾಡಿ ಗೇರಲ್ಲಿದ್ರೆ ಸ್ಟಾರ್ಟ್ ಆಗಬೇಡ ಅಂತ ಪೆಟ್ಟಿಗೆಗೆ ಹೇಳೋದು. ಗೇರ್ ಬಾಕ್ಸಿಗೆ ಒಂದು ಸ್ವಿಚ್ ಕೂರ್ಸಿ ಅದಕ್ಕೆ ಕೊಡ್ಬೇಕು. ನಮ್ ಹಳೇ ಜೀಪಿಗೆ ಆ ಸ್ವಿಚ್ ಎಲ್ಲಿ ಸಿಗ್ತದೆ? ಅದಕ್ಕೆ ಜೀಪಿನ ತಗಡಿಗೇ ಸಿಕ್ಕಿಸ್ಬಿಟ್ಟೆ."

"ಹಂಗ್ ಸಿಕ್ಸಿದ್ರೆ?"

"ಅದು ಯಾವಾಗ್ಲೂ 'ಹೂಂ' ಅಂತದೆ."

ಬುದ್ಧಿ ಆ ಹಳದಿ ವೈರನ್ನ ಬೆರಳಲ್ಲಿ ಮುಟ್ಟಿ ನೋಡಿದ್ರು.

"ಬಿಚ್ಚು."

"ಅಯ್ಯೋ ಬುದ್ಧೀ! ಗೇರು ತೆಗ್ದು ನಿಲ್ಸಿದ್ರೆ ಆಯ್ತಲ್ಲ! ನಾನೇ ನೋಡ್ಕೋತೀನಿ! ಒಂದೇ ಒಂದು ಬೆಳಿಗ್ಗೆ ಬುದ್ಧಿ, ನಾಳೆ ಒಂದೇ ಬೆಳಿಗ್ಗೆ ನೀವು ಬಂದು ಬೆಚ್ಚಗಿರೋ ಗಾಡೀಲಿ ಕೂತ್ಕೊಳ್ಳಿ, ಆಮೇಲೆ ಬೇಕಾರೆ ನಾನೇ ಬಿಚ್ಚಾಕ್ತೀನಿ!"

ಅವನ ಮುಖ ಹೆಂಗಿತ್ತು ಅಂದ್ರೆ, ಜಾತ್ರೆಗೆ ಹೊರಟ ಮಗೂ ಥರ ಇತ್ತು. ಬುದ್ಧಿ ಅದನ್ನ ನೋಡಿದ್ರು.

"ಹೂಂ" ಅಂದ್ರು.

ಸಂಜೆ ಯಾರಿಗೋ ಎದೆನೋವು ಅಂತ ಬಂದ್ರು. ಬುದ್ಧಿ ಜೀಪ್ ತಗೊಂಡು ಆಸ್ಪತ್ರೆಗೆ ಹೋಗಿ ಬಂದ್ರು. ಬರೋ ಹೊತ್ಗೆ ಜೀಪು ನಿಲ್ಲೋ ಅಂಗಳದ ತುಂಬಾ ಹುರುಳಿ ಹರವಿದ್ರು. ಸರಿ ಅಂತ ಹೊಳೆಗೆ ಇಳಿಯೋ ದಾರಿ ಮೇಲೆ, ಇಳಿಜಾರಲ್ಲೇ ನಿಲ್ಸಿದ್ರು. ಹ್ಯಾಂಡ್ ಬ್ರೇಕ್ ಕೆಟ್ಟು ಯಾವ ಕಾಲ ಆಗಿತ್ತೋ. ಮಾಮೂಲಿನಂಗೆ ಫಸ್ಟ್ ಗೇರಿಗೆ ಹಾಕಿ, ಮುಂದಿನ ಚಕ್ರಕ್ಕೆ ಒಂದು ಕಲ್ಲು ಕೊಟ್ಟು ಒಳಗೆ ಬಂದ್ರು.

ಬೆಳಿಗ್ಗೆ ಬುದ್ಧಿ ಸ್ನಾನಕ್ಕೆ ಹೋದ್ರು. ಮಲ್ಲು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡ್ದ. ಜೀಪು ಕೆಳಗೆ ಇಳಿಜಾರಲ್ಲಿದೆ, ಕಣ್ಣಿಗೆ ಕಾಣ್ತಾನೇ ಇದೆ. ಆದ್ರೆ ಅವನ ತಲೇಲಿ ಬೆಚ್ಚಗಿನ ಇಂಜಿನ್, ಬುದ್ಧಿ ನಗೋದು, ಸೊಂಟದಿಂದ ಕೀ ಬಿಚ್ಚೋದು, ಇಷ್ಟೇ ಓಡ್ತಿತ್ತು ನೋಡಿ. ಗೇರಿನ ಮಾತು ಹೊಳೀಲೇ ಇಲ್ಲ.

ಒತ್ತಿದ.

ಜೀಪು ಒಂದು ಸಲ ಮುಗ್ಗರಿಸ್ತು. ಕಲ್ಲು ಹಾರ್ತು. ಇಂಜಿನ್ ಗುರ್ ಅಂತು, ಗಾಡಿ ಹೊರಟೇಬಿಡ್ತು.

ಕೆಳಗೆ ಹೊಳೆ ದಾಟೋ ಕಡವಿನಲ್ಲಿ ಅಂಬಿಗ ಕಾಳಯ್ಯ ಹರಿಗೋಲು ಬೋರಲು ಹಾಕಿ ಟಾರು ಬಳೀತಾ ಕೂತಿದ್ದ. ಬೆನ್ನು ಈ ಕಡೆಗಿತ್ತು. "ಕಾಳಣ್ಣೋ!" ಅಂತ ಮಲ್ಲು ಕಿರುಚಿದ. ಕಾಳಯ್ಯ ತಿರುಗಿದ, ಅಷ್ಟೇ.

ಹರಿಗೋಲು ಹಪ್ಪಳ. ಕಾಳಯ್ಯನ ಮೊಣಕಾಲ ಕೆಳಗಿನ ಮೂಳೆ ಎರಡು ತುಂಡು. ಜೀಪು ಕಡವಿನ ಚಪ್ಪಡಿಗೆ ಗುದ್ದಿ ನಿಂತೋಯ್ತು.

ಊರೆಲ್ಲಾ ಸೇರ್ತು. ಬುದ್ಧಿ ಒದ್ದೆ ಮೈಯಲ್ಲೇ ಓಡಿ ಬಂದು ಕಾಳಯ್ಯನ ತಲೇನ ತೊಡೆ ಮೇಲೆ ಇಟ್ಕೊಂಡಿದ್ರು.

"ಹೆಂಗಾಯ್ತು ಇದು? ಯಾರು ಮುಟ್ಟಿದ್ರು ಗಾಡೀನ?" ಅಂದ್ರು ಊರ ಯಜಮಾನ್ರು.

ಮಲ್ಲು ಪಕ್ಕದಲ್ಲೇ ನಿಂತಿದ್ದ. ರಿಮೋಟು ಮುಷ್ಟೀಲಿತ್ತು.

ಬುದ್ಧಿ ತಲೆ ಎತ್ತಿ ಅವನನ್ನ ಒಂದ್ಸಲ ನೋಡಿದ್ರು. ಗೇರ್ ಕಡ್ಡೀನ ಆ ಕಡೆ ಈ ಕಡೆ ಅಲ್ಲಾಡಿಸಿ ನೋಡಿದಂಗೆ ನೋಡಿದ್ರು.

ಮಲ್ಲುದು ಹುಟ್ಟಿದಾಗಿಂದ ನಿಲ್ಲದೇ ಇದ್ದ ಬಾಯಿ. ಅವತ್ತು ಮಾತ್ರ ಸ್ಟಾರ್ಟೇ ಆಗ್ಲಿಲ್ಲ.

"ಗುಂಡಿ ಒತ್ತಿದ್ರೆ ದೂರದಿಂದ ಸ್ಟಾರ್ಟ್ ಆಗೋ ಗಾಡಿ ಇದು, ಗೇರಲ್ಲಿ ಬಿಟ್ಟೋನು ನಾನು" ಅಂದ್ರು ಬುದ್ಧಿ. "ತಪ್ಪು ನಂದು."

ಯಜಮಾನ್ರು ಹೆಗಲ ಮೇಲಿನ ಟವಲ್ಲು ಕೈಗೆ ತಗೊಂಡ್ರು. "ಕಾಲಿಗೆ ಬಿದ್ದು ಕೇಳ್ಕೋತೀನಿ ಬುದ್ಧಿ, ಬೇಜಾರ್ ಮಾಡ್ಕೋಬೇಡಿ. ವಯಸ್ಸಾಯ್ತು, ಮರೆವು ಬರ್ತದೆ, ಗೇರಲ್ಲಿದ್ದಾಗ್ಲೇ ಒತ್ಬಿಟ್ಟಿದ್ದೀರ. ಇನ್ಮೇಲೆ ನೀವು ಗಾಡಿ ಮುಟ್ಟೋದು ಬೇಡ. ಮಲ್ಲು ಓಡಿಸ್ಲಿ."

ಬುದ್ಧಿ ಕಾಳಯ್ಯನ ತಲೇನ ಮೆತ್ತಗೆ ಕೆಳಗಿಟ್ರು. ಸೊಂಟದಿಂದ ಕೀ ಬಿಚ್ಚಿ ಮಲ್ಲು ಕೈಗೆ ಕೊಟ್ರು. ಒಂದು ಕೈಲಿ ರಿಮೋಟು, ಒಂದು ಕೈಲಿ ಕೀ. ಅದನ್ನೇ ಅಲ್ವಾ ಅವನು ಅಷ್ಟು ಆಸೆಪಟ್ಟಿದ್ದು!

ಮೂತಿ ಜಜ್ಜಿದ್ರೂ ಜೀಪು ಓಡ್ತಿತ್ತು. ಕಾಳಯ್ಯನ್ನ ಹಿಂದೆ ಮಲಗಿಸಿ ಆಸ್ಪತ್ರೆಗೆ ಹೊರಟ. ದಾರೀಲಿ ಮಲ್ಲು ಕಣ್ಣಲ್ಲಿ ನೀರು ಸುರೀತಿತ್ತು.

"ಅಳಬೇಡ ಮಗ" ಅಂದ ಕಾಳಯ್ಯ, ಹಲ್ಲು ಕಚ್ಕೊಂಡು. "ಬೇರೆ ಯಾರಾದ್ರೂ ಆಗಿದ್ರೆ ಹೊಡ್ದೇ ಹಾಕ್ತಿದ್ದೆ. ಬುದ್ಧಿಯೋರ ಕೈಯಿಂದ ಬಂದಿದ್ದು. ಪ್ರಸಾದ ಅನ್ಕೋತೀನಿ."

ಈಗ ಹೇಳೋಣ, ಆಮೇಲೆ ಹೇಳೋಣ, ಕಾಲು ಕೂಡ್ಲಿ ಹೇಳೋಣ. ಮಲ್ಲು ಹಿಂಗೇ ತಳ್ತಾ ಬಂದ. ಗಾಡಿ ಓಡಿಸ್ದ. ಜನ ಅವನಿಗೂ ಕೈ ಮುಗಿದ್ರು. ಅದು ಬೆಂಕಿ ಮುಟ್ಟಿದಂಗೆ ಆಗೋದು.

ಬುದ್ಧಿ ನಡೆಯೋಕೆ ಶುರು ಮಾಡಿದ್ರು. ಯಾವ ಊರಿಗಾದ್ರೂ ಸರಿ, ಕೋಲು ಊರ್ಕೊಂಡು, ಆ ಮಂಡೀಲೇ. ಮಲ್ಲು ಪಕ್ಕಕ್ಕೆ ಜೀಪು ನಿಲ್ಸೋನು.

"ಹತ್ತಿ ಬುದ್ಧಿ."

"ನಡೀತೀನಿ ಬಿಡಪ್ಪ. ಅರ್ಜೆಂಟು ಇರೋರನ್ನ ಕರ್ಕೊಂಡೋಗು."

ಅರಳಿಕಟ್ಟೆ ಮೇಲೆ ಕೂತೋರು ನಗೋರು. "ಬುದ್ಧಿಗೇ ಬುದ್ಧಿ ಮರ್ತೋಯ್ತು ನೋಡ್ರಪ್ಪಾ!" ಮಲ್ಲು ಕೇಳಿಸ್ಕೊಂಡು ಗೇರ್ ಬದಲಾಯಿಸೋನು. ಊಟ ಸೇರ್ತಿರ್ಲಿಲ್ಲ ಅವನಿಗೆ. ಮಾತಂತೂ ನಿಂತೇಹೋಗಿತ್ತು. "ಕೀ ಬಂದ್ಮೇಲೆ ಹುಡುಗ ಗಂಭೀರ ಆದ" ಅಂತ ಊರು ಹೊಗಳ್ತು.

ಕಾಳಯ್ಯನ ಕಾಲಿನ ಬ್ಯಾಂಡೇಜ್ ಬಿಚ್ಚಿದ ದಿನ ಅವನನ್ನ ಕರ್ಕೊಂಡು ಬರೋಕೆ ಮಲ್ಲುನೇ ಆಸ್ಪತ್ರೆಗೆ ಹೋಗಿದ್ದ. ಸಂಜೆ ಬುದ್ಧಿ ಹೊಳೆ ಮೆಟ್ಟಿಲ ಮೇಲೆ ಕೂತಿದ್ರು. ಮಲ್ಲು ಜೀಪು ನಿಲ್ಸಿ ಬಂದ. ಒಬ್ಬನೇ ಬಂದ. ಅವರ ಮುಂದೆ ಒಂದು ತುಂಡು ವೈರು ಇಟ್ಟ. ಹಳದೀದು. ಪಕ್ಕದಲ್ಲಿ ಕೀ ಇಟ್ಟ.

"ಪೆಟ್ಟಿಗೆ?" ಅಂದ್ರು ಬುದ್ಧಿ.

"ಬಿಚ್ಚಿ ಹಾಕ್ದೆ."

"ಕಾಳಯ್ಯ ಎಲ್ಲಿ?"

ಮಲ್ಲು ಕೂತ್ಕೊಂಡ.

"ಬರೋ ದಾರಿ ಉದ್ದಕ್ಕೂ ನಿಮ್ಮನ್ನೇ ಹೊಗಳ್ತಿದ್ದ ಬುದ್ಧಿ. 'ಬುದ್ಧಿ ಕೊಟ್ಟ ಕಾಲು ಇದು, ಮುಂಚೆಗಿಂತ ಗಟ್ಟಿ' ಅಂತ. ನಂಗೆ ತಡ್ಕೊಳಕ್ಕಾಗ್ಲಿಲ್ಲ. ಹೇಳ್ಬಿಟ್ಟೆ. 'ಒತ್ತಿದ್ದು ನಾನು ಕಾಳಣ್ಣ, ಬುದ್ಧಿ ಅಲ್ಲ' ಅಂತ."

"ಏನಂದ?"

"ಕಾಲು ಸವರ್ಕೊಂಡ. ಆಮೇಲೆ, 'ಹಂಗಾದ್ರೆ ಇದು ಪ್ರಸಾದ ಅಲ್ವಾ?' ಅಂದ. 'ಬುದ್ಧಿಗೂ ಗೊತ್ತಿತ್ತಾ?' ಅಂದ. ನಾನು ಹೂಂ ಅಂದೆ. ಗಾಡಿ ನಿಲ್ಸು ಅಂದ. ಇಳಿದು ಗದ್ದೆ ಬದು ಮೇಲೆ ಕುಂಟ್ಕೊಂಡು ಹೊರಟೋದ. ಎಷ್ಟು ಕರೆದ್ರೂ ತಿರುಗಿ ನೋಡ್ಲಿಲ್ಲ."

ಹೊಳೆ ಹರೀತಿತ್ತು. ಕಡವಿನಲ್ಲಿ ಹರಿಗೋಲು ಇದ್ದ ಜಾಗದಲ್ಲಿ ಟಾರಿನ ಕಪ್ಪು ಗುರುತು ಹಂಗೇ ಇತ್ತು.

"ಅವತ್ತೇ ಯಾಕೆ ಹೇಳ್ಲಿಲ್ಲ ಬುದ್ಧೀ?" ಮಲ್ಲು ಅಳ್ತಾ ಕೇಳ್ದ. "ನಾನು ಹೇಡಿ, ಬಾಯಿ ಬಿಡ್ಲಿಲ್ಲ. ನೀವಾದ್ರೂ ಒಂದ್ ಮಾತು ಅನ್ನಬಾರ್ದಿತ್ತಾ? 'ಇವನು ಮಾಡಿದ್ದು' ಅಂದಿದ್ರೆ ಅಲ್ಲೇ ಮುಗೀತಿತ್ತಲ್ಲಾ!"

ಬುದ್ಧಿ ಹಳದಿ ವೈರನ್ನ ಎತ್ಕೊಂಡು ಬೆರಳಿಗೆ ಸುತ್ತಿದ್ರು.

"ನೀನು ಒಂದು ಬೆಳಿಗ್ಗೆ ಅಂತ ಬೇಡ್ಕೊಂಡಾಗ ಬೇಡ ಅನ್ಬೇಕಿತ್ತು ನಾನು. ಹೂಂ ಅಂದೆ. ಆಮೇಲೆ ಊರು ಕೇಳ್ದಾಗ್ಲೂ ನಿನ್ ಮುಖ ನೋಡ್ದೆ."

ಕೋಲು ಊರಿ ಎದ್ರು. ಮೆಲ್ಲಗೆ ಹೋಗಿ ಜೀಪು ಹತ್ತಿದ್ರು. ಎಷ್ಟೋ ದಿನದ ಮೇಲೆ ಆ ಸೀಟಲ್ಲಿ ಕೂತ್ರು. ಗೇರ್ ಕಡ್ಡಿ ಹಿಡಿದು, ಕಣ್ಣು ಮುಚ್ಚಿ, ಆ ಕಡೆ ಈ ಕಡೆ ಅಲ್ಲಾಡಿಸಿದ್ರು. ಗೇರಲ್ಲಿ ಇರ್ಲಿಲ್ಲ. ಆದ್ರೂ ಕೀ ಕೇಳ್ಲಿಲ್ಲ. ಕೈ ಅಲ್ಲೇ ಇಟ್ಕೊಂಡು ಕೂತಿದ್ರು.

ಮಲ್ಲು ಬಾಗಿಲು ಹಿಡ್ಕೊಂಡು ನಿಂತ. ಈ ಸಲ ಉತ್ತರ ಬರೋ ತನಕ ಸುಮ್ನಿದ್ದ.

"ಹೇಳಿದ್ರೆ ನೀನು ಊರು ಬಿಟ್ಟು ಹೋಗ್ತಿದ್ದೆ. ಹೇಳ್ಲಿಲ್ಲ, ಕಾಳಯ್ಯ ನಮ್ಮನ್ನ ಬಿಟ್ಟು ಹೋದ" ಅಂದ್ರು ಬುದ್ಧಿ. "ನನ್ ಜಾಗದಲ್ಲಿ ನೀನಿದ್ದಿದ್ರೆ ಏನ್ ಮಾಡ್ತಿದ್ದೆ ಮಗಾ?"