ಅರ್ಧ ತೋಡಿದ ಗುಂಡಿ

"ಗುರುಗಳೇ, ನಾನು ಸಂಗೀತ ಹೇಳಿಕೊಡುವ ಹುಡುಗಿ ಬಾವಿಯಲ್ಲಿ ನೀರು ಸೇದುವಾಗ ಸೊಗಸಾಗಿ ಹಾಡುತ್ತಾಳೆ. ನನ್ನೆದುರು ಕೂತರೆ ಗಂಟಲು ಕಟ್ಟುತ್ತದೆ. ಪಾಠ ಬಿಡಿಸುತ್ತೇನೆ ಎಂದು ಅವಳ ತಂದೆ ಕೂತಿದ್ದಾನೆ. ಪಕ್ಕದಲ್ಲೇ ಇದ್ದು ಇಷ್ಟು ತಿದ್ದಿದ್ದೇನೆ, ಇನ್ನೇನು ಮಾಡಲಿ?" ಎಂದು ಶಿಷ್ಯ ಮರುಳಪ್ಪ ಕೇಳಿದ. ತನಗೆ ಕಲಿಸಲು ಬರುವುದಿಲ್ಲವೇನೋ ಎಂಬ ಕೊರಗು ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಗುರುಗಳು ಹೇಳತೊಡಗಿದರು.

ಒಬ್ಬ ತೋಟಗಾರನಿದ್ದ. ಅವನ ತೋಟದಲ್ಲಿ ಒಂದು ಆಮೆಯಿತ್ತು. ಅದೆಂದರೆ ಅವನಿಗೆ ಪ್ರಾಣ. ಒಮ್ಮೆ ಅದು ಮೇವು ಬಿಟ್ಟು ಹಿಂಗಾಲಿನಿಂದ ನೆಲ ಕೆದರತೊಡಗಿತು. ಮೊಟ್ಟೆ ಇಡುವ ಹೊತ್ತು. ತೋಟಗಾರ ಕೆಲಸ ಬಿಟ್ಟು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ. ಆಮೆ ಗುಂಡಿಯನ್ನು ಅರ್ಧಕ್ಕೇ ಬಿಟ್ಟು ಹೊರಟುಹೋಯಿತು. ಮರುದಿನ ಇನ್ನೊಂದು ಗುಂಡಿ, ಅದೂ ಅರ್ಧ. ಪಾಪ, ಇದರ ಕೈಲಾಗದು ಎಂದುಕೊಂಡು ಅವನೇ ಗುಂಡಿ ತೋಡಿದ. ನೀರು ಚಿಮುಕಿಸಿ, ಆಮೆಯನ್ನು ಎತ್ತಿ ತಂದು ಅಲ್ಲಿ ಕೂರಿಸಿದ. ಹೆತ್ತ ತಾಯಿಯೂ ಮಗಳಿಗೆ ಅಷ್ಟು ಉಪಚಾರ ಮಾಡಲಾರಳು. ಆಮೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಿತು.

ಮೊಟ್ಟೆ ಹೊಟ್ಟೆಯಲ್ಲೇ ಉಳಿದರೆ ಆಮೆ ಬದುಕುವುದಿಲ್ಲ. ದಿಕ್ಕು ತೋಚದೆ ತೋಟಗಾರ ಪಶುವೈದ್ಯನನ್ನು ಕರೆತಂದ. "ಏನಾದರೂ ಔಷಧ ಕೊಡಿ ಸ್ವಾಮಿ," ಎಂದು ಅಂಗಲಾಚಿದ.

ವೈದ್ಯ ಗುಂಡಿಗಳನ್ನು ನೋಡಿದ. ಒಂದೊಂದರ ಪಕ್ಕದಲ್ಲೂ ತೋಟಗಾರನ ಹೆಜ್ಜೆ ಗುರುತಿತ್ತು.

"ಇದರ ಮಿದುಳಿನ ಬುಡದಲ್ಲಿ ಒಂದು ಪುಟ್ಟ ಗ್ರಂಥಿ ಇದೆಯಪ್ಪ. ಮೊಟ್ಟೆಯನ್ನು ಹೊರಗೆ ನೂಕುವ ರಸ ಅದರಿಂದಲೇ ಬರಬೇಕು. ಸುರಿಸು, ತಡೆ ಎಂದು ಅದಕ್ಕೆ ಹೇಳುವುದು ನರಗಳ ತುದಿಯಲ್ಲಿ ಒಸರುವ ರಾಸಾಯನಿಕಗಳು. ಮೇಲೆ ಯಾರೋ ಬಗ್ಗಿದ್ದಾರೆಂದು ಆಮೆ ಹೆದರಿದರೆ ನರಗಳು 'ತಡೆ' ಎನ್ನುತ್ತವೆ. ಗ್ರಂಥಿ ತಡೆಯುತ್ತದೆ. ನೀನು ಬೇಲಿಯಾಚೆ ನಡೆ. ತಿರುಗಿ ನೋಡಬೇಡ," ಎಂದ.

ತೋಟಗಾರ ಬೇಲಿಯಾಚೆ ಆಮೆಗೆ ಬೆನ್ನು ಹಾಕಿ ಕೂತ. ಜೀವ ಬಾಯಿಗೆ ಬಂದಿತ್ತು. ಆದರೂ ತಿರುಗಲಿಲ್ಲ. ಬಿಸಿಲು ಇಳಿದ ಮೇಲೆ ಇಬ್ಬರೂ ಒಳಗೆ ಬಂದರು. ಆಮೆ ಒಂದು ಹೊಸ ಗುಂಡಿಯನ್ನು ಪೂರ್ತಿ ತೋಡಿ, ಮೊಟ್ಟೆಯಿಟ್ಟು ಮುಚ್ಚಿತ್ತು. ಮೇಲಿನ ಮಣ್ಣು ಇನ್ನೂ ಒದ್ದೆಯಾಗಿತ್ತು. ಆಮೆ ದಂಟಿನ ಸೊಪ್ಪು ಮೇಯುತ್ತಿತ್ತು. ತೋಟಗಾರ ಅಲ್ಲೇ ಕುಸಿದು ಕೂತು ಸಂತೋಷಕ್ಕೆ ಅತ್ತುಬಿಟ್ಟ.

ಆಮೆ ಉಳಿಯಿತಲ್ಲ ಎಂದು ಮರುಳಪ್ಪನಿಗೂ ನಿರಾಳವಾಯಿತು. ನಗುತ್ತಾ ಕೇಳಿದ: "ಹಾಗಾದರೆ ವೈದ್ಯ ಔಷಧವನ್ನೇ ಕೊಡಲಿಲ್ಲವೇ?"

ಗುರುಗಳು ಅವನ ಕೈಯಲ್ಲಿದ್ದ ತಾಳಗಳನ್ನು ತೆಗೆದು ಪಕ್ಕಕ್ಕಿಟ್ಟರು.

"ಕೊಟ್ಟನಲ್ಲ, ತೋಟಗಾರನ ಬೆನ್ನು."