ಬಾಗಿಲು ಬಿಡದ ವಾಚ್‌ಮನ್

ಮರಿಸ್ವಾಮಿ ಮೂರು ವರ್ಷದಿಂದ ಪಾತ್ರ ಕೇಳಿಕೊಂಡು ಅಲೆದಲೆದು ಚಪ್ಪಲಿ ಸವೆಸಿದ್ದ. ಇವತ್ತೂ ಸಿಗದಿದ್ದರೆ ನಾಳೆಯಿಂದ ಮಾವನ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರಬೇಕು. ಅಪ್ಪನಿಗೆ ಮಾತು ಕೊಟ್ಟಾಗಿತ್ತು.

ಧಾರಾವಾಹಿ ಡೈರೆಕ್ಟರು ನಾಗಭೂಷಣ್ ಅವನನ್ನು ನೋಡಿ ಮೂಗು ಮುರಿದರು. "ವಾಚ್‌ಮನ್ ಪಾತ್ರ. ಆ ಬಾಗಿಲಲ್ಲಿ ನಿಂತ್ಕೋ. ಪಾಸ್ ಇಲ್ದೆ ಯಾರನ್ನೂ ಬಿಡಬಾರದು. ನಾನು 'ಕಟ್' ಅನ್ನೋಕೆ ಮುಂಚೆ ನಿಲ್ಲಿಸಿದ್ಯೋ, ಸೀದಾ ಮನೆಗೆ! ಆಕ್ಷನ್!"

ಅಂದವರೇ ಫೋನು ಹಿಡಿದು ಕೂತರು. ಬೆಳಿಗ್ಗೆಯಿಂದ ಆರು ಜನರನ್ನು ಹೀಗೇ ನಿಲ್ಲಿಸಿ, ಮರೆತು, ಸುಸ್ತಾಗಿ ಕುಸಿದವರನ್ನು ಓಡಿಸಿದ್ದರು.

ಒಂದು ಗಂಟೆ ಕಳೆಯಿತು. ಡೈರೆಕ್ಟರು ಮೂರನೇ ಎಳನೀರು ಹೀರುತ್ತಿದ್ದರು. ಅದನ್ನೇ ನೋಡುತ್ತಾ ಮರಿಸ್ವಾಮಿ ಹಲ್ಲು ಕಚ್ಚಿ ನಿಂತ.

ಕೊನೆಗೂ ನಾಗಭೂಷಣ್ ದಡಬಡ ಎದ್ದು ಬಂದರು. ಟಾಯ್ಲೆಟ್ ಇದ್ದದ್ದು ಬಾಗಿಲಾಚೆ.

ಮರಿಸ್ವಾಮಿ ಕೈ ಅಡ್ಡ ಹಿಡಿದ. "ಪಾಸ್ ತೋರ್ಸಿ ಸಾರ್."

"ಲೋ, ನಾನು ಡೈರೆಕ್ಟರ್ ಕಣೋ!"

"ದಿನಾ ಹತ್ತು ಜನ ಹಂಗೇ ಅಂತಾರೆ. ಹಿಂದಕ್ಕೆ ಹೋಗಿ."

"ಅರ್ಜೆಂಟು ಕಣಯ್ಯ, ಬಿಡೋ!"

"ಬಿಟ್ರೆ ನನ್ ಕೆಲಸ ಹೋಗುತ್ತೆ ಸಾರ್."

ಡೈರೆಕ್ಟರು ನಿಂತಲ್ಲೇ ಕುಣಿದರು, ಬೆವೆತರು. ಆಮೇಲೆ ತಮ್ಮದೇ ಮಾತು ನೆನಪಾಯಿತು. "ಕಟ್! ಕಟ್ ಕಣಪ್ಪಾ!"

ಮರಿಸ್ವಾಮಿ ತಕ್ಷಣ ಕೈಮುಗಿದ. ಬಾಗಿಲು ಮಾತ್ರ ಬಿಡಲಿಲ್ಲ. "ಸರಿ ಬಂತಾ ಸಾರ್? ಇನ್ನೊಂದು ಟೇಕ್ ತಗೊಳೋಣ್ವಾ?"

"ಬೇಡ ಬೇಡ! ಟೇಕ್ ಓಕೆ!"

ಮರಿಸ್ವಾಮಿ ಪಕ್ಕಕ್ಕೆ ಸರಿದ. ಡೈರೆಕ್ಟರು ಓಡಿದರು. ಟೇಕ್ ಓಕೆ ಆಯಿತೆಂದು ಅಸಿಸ್ಟೆಂಟ್ ಹುಡುಗಿ ನಗು ನುಂಗುತ್ತಾ ಪಾತ್ರಧಾರಿಗಳ ಪಟ್ಟಿಯಲ್ಲಿ ಅವನ ಹೆಸರು ಬರೆದುಕೊಂಡಳು.

ನಿರಾಳವಾಗಿ ವಾಪಸ್ ಬಂದ ನಾಗಭೂಷಣ್ ಬಾಗಿಲ ಬಳಿ ತಮಗೇ ಗೊತ್ತಿಲ್ಲದೆ ನಿಂತು, ಪಾಸ್‌ಗಾಗಿ ಜೇಬು ತಡಕಿದರು.