ಎಂಟಡಿ ಹಲಗೆಯ ಮಾದರಿ

ಎರಡು ಲಕ್ಷ ರೂಪಾಯಿ, ಮನೆಯವರು ಬೀಗರು ಸೇರಿ ಹನ್ನೊಂದು ಜನ, ಐದು ದಿನ ಹಿಮದಲ್ಲಿ ಸ್ಕೀಯಿಂಗ್. ಬ್ಯಾಡಗಿಯ ಮೆಣಸಿನಕಾಯಿ ವರ್ತಕ ಮಹಾರುದ್ರಪ್ಪ ಶೆಟ್ಟರು ಗುಮಾಸ್ತನಿಗೆ ಒಪ್ಪಿಸಿದ ವ್ಯವಹಾರ ಇಷ್ಟು. ಹನ್ನೊಂದು ಜನರಲ್ಲಿ ಸ್ಕೀಯಿಂಗ್ ಕಲಿತವಳು ಸೊಸೆ ಒಬ್ಬಳೇ. ಉಳಿದವರು ಹಿಮವನ್ನೇ ಕಂಡವರಲ್ಲ.

"ಎಲ್ಲಕ್ಕಿಂತ ಎತ್ತರದ ಗುಡ್ಡಾನ ಬುಕ್ ಮಾಡು. ನಾ ಅಂದ್ರ ಏನಂತ ಬೀಗರು ನೋಡಬೇಕು. ಒಂದು ಪೈಸೆ ಹೆಚ್ಚಾದ್ರೂ ನಿನ್ನ ಪಗಾರದಾಗ ಹಿಡೀತೀನಿ."

ಆ ಗುಡ್ಡಕ್ಕೆ ಮೂರು ಲಕ್ಷವೂ ಸಾಲದೆಂದು ಗುಮಾಸ್ತ ವಿಚಾರಿಸಿ ತಿಳಿದಿದ್ದ. ಆದರೂ ವಾದಿಸಲಿಲ್ಲ.

"ಆಗ್ಲಿ ಸಾವ್ಕಾರ್ರ. ಆದ್ರ ಚೀಲ ಬಿಚ್ಚಿ ಒಂದು ಹಿಡಿ ಕಾಯಿ ನೋಡದನ ನೀವು ಎಂದಾದ್ರೂ ಮುಂಗಡ ಕೊಟ್ಟೀರೇನು? ಇದಕ್ಕೂ ಮೊದಲು ಮಾದರಿ ನೋಡೋಣು."

ಶೆಟ್ಟರಿಗೆ ಇಲ್ಲವೆನ್ನಲಾಗಲಿಲ್ಲ. ಗೋದಾಮಿನಲ್ಲಿ ಲಾರಿಯಿಂದ ಚೀಲ ಜಾರಿಸುವ ಎಂಟಡಿ ಹಲಗೆಗೆ ಗುಮಾಸ್ತ ಎಣ್ಣೆ ಸವರಿದ. ಅವರ ಕಾಲಿಗೆ ಎರಡು ಮರದ ಪಟ್ಟಿ ಕಟ್ಟಿದ. ಶೆಟ್ಟರು ನಿಂತುಕೊಂಡು ಹೊರಟರು, ಕುಂಡಿಯ ಮೇಲೆ ಇಳಿದರು, ಮೆಣಸಿನಕಾಯಿ ರಾಶಿಗೆ ಬಿದ್ದು ಹನ್ನೆರಡು ಸಲ ಸೀನಿದರು.

"ಮಾಲು ಹೆಂಗೈತ್ರೀ?" ಎಂದ ಗುಮಾಸ್ತ.

ಶೆಟ್ಟರು ಕಣ್ಣೊರೆಸಿಕೊಂಡು ಗಂಭೀರವಾದರು. "ನಂದೇನಿಲ್ಲೋ. ಬೀಗರ ಮೊಣಕಾಲು ನೆನಪಾತು. ಸಣ್ಣ ಗುಡ್ಡ ನೋಡು, ಕಲಿಸವ್ರು ಇರ್ಲಿ."

ಅಂಥ ಜಾಗವನ್ನು ಗುಮಾಸ್ತ ಮೊದಲೇ ನೋಡಿಟ್ಟಿದ್ದ. ಸೊಸೆಗೆ ಪಕ್ಕದಲ್ಲೇ ಎತ್ತರದ ಇಳಿಜಾರೂ ಇತ್ತು.

ಹೋದವರು ಹನ್ನೊಂದು, ತಮ್ಮ ಕಾಲ ಮೇಲೆ ನಡೆದು ಮನೆ ಸೇರಿದವರು ಹನ್ನೊಂದು. ಉಳಿದದ್ದು ಮೂವತ್ತೆಂಟು ಸಾವಿರ ರೂಪಾಯಿ, ಮತ್ತು ಗುಮಾಸ್ತನ ಇಡೀ ಪಗಾರ.